ನೀರಿಗೆ ಸುರಿದ ಉಡಿಯಕ್ಕಿ

ಮೊದಲೇ ಹೇಳಿಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ದೆವ್ವ, ಗಾಳಿ, ಮಾಟ ಎಂದು ಸ್ಟಾಫ್‌ರೂಮಿನಲ್ಲಿ ಯಾರಾದರೂ ಶುರುಮಾಡಿದರೆ ಅವರ ಎದುರಿಗೇ ನಕ್ಕು ಎದ್ದುಹೋದವಳು. ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆದರೆ ಆ ಸಂಜೆ ಏಳರಿಂದ ಒಂಬತ್ತರೊಳಗೆ ಆ ನಡುಗಡ್ಡೆಯ ಮೇಲೆ ನಡೆದದ್ದಕ್ಕೆ ನಾನು ಏನನ್ನೂ ಕೂಡಿಸಿಲ್ಲ, ಕಳೆದಿಲ್ಲ. ಆಣೆ ಹಾಕುವ ಚಟ ನನಗಿಲ್ಲ, ಆದರೂ ಬೇಕಾದರೆ ಹಾಕುತ್ತೇನೆ.

ನಾವು ಧಾರವಾಡದ ಕಡೆಯವರು. ನಮ್ಮ ಯಜಮಾನರಿಗೆ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ನೌಕರಿ ಸಿಕ್ಕಿತೆಂದು ಹೈದರಾಬಾದಿಗೆ ಬಂದೆವು. ಸುಲ್ತಾನ್ ಬಜಾರಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಅದರಲ್ಲಿ ಅತ್ತೆ, ಮಾವ, ಇಬ್ಬರು ಮೈದುನರು, ನಾವಿಬ್ಬರು. ಗಂಡನ ಜೊತೆ ಒಂದು ಮಾತಾಡಬೇಕೆಂದರೆ ಕಾಯಿಪಲ್ಲೆ ತರುವ ನೆಪದಲ್ಲಿ ಬೀದಿಗೆ ಹೋಗಬೇಕಿತ್ತು.

ಆ ಕಾರ್ಖಾನೆಯವರದು ಒಂದು ಹಾಲಿಡೇ ಹೋಮ್ ಇತ್ತು. ಗಚ್ಚಿಬೌಲಿಯಿಂದ ಇನ್ನೂ ಎಷ್ಟೋ ದೂರ, ಬಂಡೆಗಲ್ಲುಗಳ ನಡುವೆ ಒಂದು ದೊಡ್ಡ ಕೆರೆ. ಕೆರೆಯ ನಡುವೆ ನಡುಗಡ್ಡೆ, ಅದರ ಮೇಲೆ ನಾಲ್ಕು ಹೆಂಚಿನ ಕೋಣೆ, ಒಂದು ಅಡಿಗೆಮನೆ, ಸೀತಾಫಲದ ಗಿಡಗಳು. ವರ್ಷಕ್ಕೆ ಎರಡು ಸಲ ನಾವು ಅಲ್ಲಿಗೆ ಓಡುತ್ತಿದ್ದೆವು. ಬೆಳಗಿನ ಹೊತ್ತು ನೀರಿನ ವಾಸನೆ, ಹುಂಜದ ಕೂಗು, ಯಾರೂ ಕರೆಯದ ಹಗಲು... ನನ್ನ ಇಡೀ ಬದುಕಿನಲ್ಲಿ ಅಷ್ಟು ಪ್ರೀತಿಸಿದ ಜಾಗ ಇನ್ನೊಂದಿಲ್ಲ. ಧಾರವಾಡವೂ ಅಲ್ಲ.

ಅಲ್ಲಿ ಅಡಿಗೆ ಮಾಡುತ್ತಿದ್ದವಳು ಲಚ್ಚಮ್ಮ. ಕಾವಲುಗಾರನ ಹೆಂಡತಿ, ತೆಲಂಗಾಣದ ಹಳ್ಳಿಯವಳು. ಆಗ ಅವಳಿಗೆ ನಲವತ್ತೈದರ ಆಸುಪಾಸು. ಮಕ್ಕಳಿಲ್ಲ. ನನ್ನನ್ನು 'ಬಿಡ್ಡಾ' ಎಂದು ಕರೆಯುತ್ತಿದ್ದಳು, ಅಂದರೆ ಮಗಳೇ ಎಂದು. ಆ ಕಡೆ ಎಲ್ಲರೂ ಎಲ್ಲರನ್ನೂ ಹಾಗೆ ಕರೆಯುತ್ತಾರೆ, ನಾನು ಅದಕ್ಕೆ ಮಹತ್ವ ಕೊಟ್ಟಿರಲಿಲ್ಲ.

ಐದನೆಯ ವರ್ಷ ಹೋದಾಗ ನಾನು ಐದು ತಿಂಗಳ ಬಸುರಿ. ಹೊರಡುವ ದಿನ ಲಚ್ಚಮ್ಮ ನನ್ನನ್ನು ಅಡಿಗೆಮನೆಯಲ್ಲಿ ಮಣೆಯ ಮೇಲೆ ಕೂಡಿಸಿ ಅರಿಷಿಣ ಕಲಸಿದ ಅಕ್ಕಿಯನ್ನು ಐದು ಹಿಡಿ ನನ್ನ ಸೆರಗಿಗೆ ಹಾಕಿದಳು. ನಮ್ಮ ಕಡೆ ಮುತ್ತೈದೆ ಮನೆಗೆ ಬಂದರೆ ಯಾರಾದರೂ ಉಡಿ ತುಂಬಿ ಕಳಿಸುತ್ತಾರೆ, ಅದೊಂದು ಮರ್ಯಾದೆ ಅಷ್ಟೆ. ನಾನು ಹಾಗೆಯೇ ತಿಳಿದೆ. ಅವಳು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಹೆಣ್ಣೇ ಹುಟ್ಟುತ್ತದೆ, ಕರಕೊಂಡು ಬಾ ಎಂದಳು. ಬರುತ್ತೇನೆ ಎಂದೆ. ಹೂಂ ಅನ್ನುವುದಕ್ಕೆ ಏನು ಖರ್ಚು?

ದೋಣಿಯಲ್ಲಿ ಕೂತಾಗ ಅತ್ತೆಯ ನೆನಪಾಯಿತು. ಅತ್ತೆ ಭಾರೀ ಮಡಿ ಹೆಂಗಸು. ಹೊರಗಿನವರ ಕೈಯ ಅಕ್ಕಿಯನ್ನು ಹೊಸ್ತಿಲು ದಾಟಿಸುವವರಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಯೋಚಿಸಿ, ನಡುನೀರಿನಲ್ಲಿ ಸೆರಗು ಬಿಚ್ಚಿ ಅಷ್ಟನ್ನೂ ಕೆರೆಗೆ ಸುರಿದೆ. ಮೀನಾದರೂ ತಿನ್ನಲಿ ಎಂದು ಗಂಡನಿಗೆ ಹೇಳಿ ನಕ್ಕೆ.

ತಿರುಗಿ ನೋಡಿದರೆ ಲಚ್ಚಮ್ಮ ನಡುಗಡ್ಡೆಯ ಮೆಟ್ಟಿಲ ಮೇಲೇ ನಿಂತಿದ್ದಳು. ನೋಡುತ್ತಿದ್ದಳು.

ಆ ವರ್ಷವೇ ನಮ್ಮ ಶಾಲೆಯ ತೆಲುಗು ಟೀಚರು ನನಗೆ ಬಿಡಿಸಿ ಹೇಳಿದರು. ಅವರ ಕಡೆ ಅದಕ್ಕೆ ಒಡಿಬಿಯ್ಯಂ ಎನ್ನುತ್ತಾರಂತೆ. ಅದನ್ನು ಕಂಡಕಂಡವರು ತುಂಬುವುದಿಲ್ಲ, ತವರಿನವರು ಮಾತ್ರ ಮಗಳಿಗೆ ತುಂಬುತ್ತಾರಂತೆ. ಆ ಅಕ್ಕಿಯನ್ನು ಮಗಳು ಗಂಡನ ಮನೆಯಲ್ಲಿ ಬೇಯಿಸಿ ನಾಲ್ಕು ಜನರಿಗೆ ಬಡಿಸಬೇಕಂತೆ. ಅಂದರೆ ಲಚ್ಚಮ್ಮ ನನ್ನನ್ನು ಹೊಟ್ಟೆಯ ಮಗಳೆಂದು ಮಾಡಿಕೊಂಡಿದ್ದಳು. ನಾನು ಅವಳ ಕಣ್ಣೆದುರಿಗೇ ಅದನ್ನು ಮೀನಿಗೆ ಹಾಕಿದ್ದೆ.

ಆಮೇಲೆ ನಾನು ಅಲ್ಲಿಗೆ ಹೋಗಲಿಲ್ಲ. ಕೂಸು ಸಣ್ಣದು, ಶಾಲೆಗೆ ರಜೆಯಿಲ್ಲ, ದಿಲ್‌ಸುಖ್‌ನಗರಕ್ಕೆ ಮನೆ ಬದಲಾಯಿಸಿದೆವು... ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದೆ. ನಿಜವಾದ ಕಾರಣ ನಾಚಿಕೆ.

ಹುಟ್ಟಿದ್ದು ಹೆಣ್ಣೇ. ವಿದ್ಯಾ. ಒಬ್ಬಳೇ ಮಗಳು.

ಹೋದ ವರ್ಷ ಬೇಸಿಗೆಯಲ್ಲಿ ಅವಳ ಮದುವೆ ಮಾಡಿದೆವು. ಹುಡುಗ ಸೊಲ್ಲಾಪುರದಲ್ಲಿ ರೈಲ್ವೆ ನೌಕರ, ಒಳ್ಳೆಯವನು. ಅವನು ಮನೆ ಹುಡುಕುವವರೆಗೆ ವಿದ್ಯಾ ನಮ್ಮಲ್ಲೇ ಇದ್ದಳು. ಹೊರಡಲು ಒಂದು ವಾರ ಉಳಿದಾಗ ನನಗೆ ಊಟ ಸೇರದಾಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ನಮ್ಮ ಯಜಮಾನರು ರೇಗಿಸುತ್ತಿದ್ದರು. ನಾನು ಆ ಮಾತಿಗೆ ಉರಿದು ಬೀಳುತ್ತಿದ್ದೆ. ಯಾರಿಗೇ ಕೊಡಲಿ, ಅವಳು ನನ್ನ ಮಗಳು, ನನ್ನವಳಾಗಿಯೇ ಇರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಆಗಲೇ ಪೇಪರಿನ ಜೊತೆ ಒಂದು ಬಣ್ಣದ ಚೀಟಿ ಬಂತು. ಕಾರ್ಖಾನೆಯವರು ಎಂದೋ ಕೈಬಿಟ್ಟ ಆ ಹಾಲಿಡೇ ಹೋಮನ್ನು ಯಾರೋ ತೆಗೆದುಕೊಂಡು 'ಟ್ರಾಪಿಕಲ್ ಐಲ್ಯಾಂಡ್ ರಿಸಾರ್ಟ್' ಮಾಡಿದ್ದರು. ಕಲ್ಲುಬಂಡೆಯ ಸೀಮೆಯಲ್ಲಿ ಟ್ರಾಪಿಕಲ್ ಐಲ್ಯಾಂಡು! ನಕ್ಕೆ. ಆದರೂ ಚೀಟಿಯನ್ನು ಎಸೆಯಲಿಲ್ಲ. ನಾನು ಸುಖವಾಗಿದ್ದ ಜಾಗದಲ್ಲಿ ಮಗಳ ಜೊತೆ ಒಂದು ದಿನ ಇರಬೇಕು ಅನ್ನಿಸಿಬಿಟ್ಟಿತು.

ಯಜಮಾನರು ಬರಲಿಲ್ಲ. "ಹಳೇ ಜಾಗಕ್ಕ ಮತ್ತ ಹೋಗಬಾರ್ದು," ಎಂದಷ್ಟೇ ಹೇಳಿ ಟಿವಿ ಮುಂದೆ ಕೂತರು.

ಬುಧವಾರ ಸಂಜೆ ದಂಡೆ ತಲುಪಿದೆವು. ಬೇರೆ ಗಿರಾಕಿಗಳೇ ಇರಲಿಲ್ಲ. ಮೋಟಾರು ದೋಣಿಯ ಮಲ್ಲೇಶ್ ಎಂಬವನೇ ಮ್ಯಾನೇಜರು, ಅವನೇ ಮಾಣಿ. ಐವತ್ತರ ಮನುಷ್ಯ. ಲಚ್ಚಮ್ಮನ ಬಗ್ಗೆ ನಾನೇ ಮಾತು ತೆಗೆದೆ. ಗಂಡ ಸತ್ತ ಮೇಲೂ ಅವಳು ನಡುಗಡ್ಡೆ ಬಿಡಲಿಲ್ಲವಂತೆ. ದೋಣಿ ಬರುವ ಹೊತ್ತಿಗೆ ದಿನಾ ಸಂಜೆ ಮೆಟ್ಟಿಲ ಮೇಲೆ ಕೂರುತ್ತಿದ್ದಳಂತೆ. ಹತ್ತು ವರ್ಷದ ಹಿಂದೆ ಆ ಅಡಿಗೆಮನೆಯಲ್ಲೇ ಸತ್ತಳಂತೆ.

ನಿಜ ಹೇಳಲೇ? ನನಗೆ ಎದೆ ಹಗುರವಾಯಿತು. ಇನ್ನು ಮುಖ ತೋರಿಸುವ ಪ್ರಸಂಗ ಇಲ್ಲವಲ್ಲ ಎಂದುಕೊಂಡೆ. ಅಷ್ಟು ಕೆಟ್ಟವಳು ನಾನು.

ನಡುಗಡ್ಡೆಯ ಮೇಲೆ ಕಾಲಿಟ್ಟ ಕೂಡಲೇ ಸಿಟ್ಟು ಬಂತು. ಸೀತಾಫಲದ ಗಿಡಗಳನ್ನೆಲ್ಲ ಕಡಿದು ತೆಂಗಿನ ಸಸಿ ನೆಟ್ಟಿದ್ದರು, ಅವೂ ಒಣಗಿ ನಿಂತಿದ್ದವು. ಹೆಂಚಿನ ಕೋಣೆಗಳಿಗೆ ಪ್ಲಾಸ್ಟಿಕ್ ಗರಿಯ ಚಾವಣಿ. ಈಜುಕೊಳದಲ್ಲಿ ಹಸಿರು ನೀರು, ಅದರ ಮೇಲೆ ಸತ್ತ ಹಲ್ಲಿ. ಎಲ್ಲ ಕಡೆ ಕೊಳೆತ ಪಾಚಿಯ ವಾಸನೆ. ಜಾಗ ನಮ್ಮನ್ನು ನೋಡಿ ಮುಖ ತಿರುಗಿಸಿದ ಹಾಗಿತ್ತು.

ಊಟ ತರಲು ಮಲ್ಲೇಶ್ ದಂಡೆಗೆ ಹೊರಟ. ಒಂದೂವರೆ ತಾಸು, ಬಂದುಬಿಡುತ್ತೇನೆ ಎಂದ. ದೋಣಿಯ ಸದ್ದು ದೂರವಾಯಿತು. ನಡುಗಡ್ಡೆಯಲ್ಲಿ ಉಳಿದವರು ನಾವಿಬ್ಬರೇ.

ಏಳು ಗಂಟೆಗೆ ಕರೆಂಟು ಹೋಯಿತು.

ನಾವು ವರಾಂಡದಲ್ಲಿ ಕೂತಿದ್ದೆವು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಆಗ ಕೇಳಿಸಿತು... ಝಲ್... ಝಲ್... ಝಲ್... ಆಮೇಲೆ ಟಪ್ ಎಂದು ಒಂದು ಪೆಟ್ಟು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ.

ಗರಿ ಗಾಳಿಗೆ ಅಲ್ಲಾಡುತ್ತಿದೆ ಎಂದುಕೊಂಡೆ. ಆದರೆ ಗಾಳಿಯೇ ಇರಲಿಲ್ಲ. ಮೂರು ಸಲ ಝಲ್, ಒಂದು ಸಲ ಟಪ್. ಲೆಕ್ಕ ತಪ್ಪುತ್ತಿರಲಿಲ್ಲ. ಅಡಿಗೆಮನೆ ಕಂಡ ಯಾವ ಹೆಂಗಸಿಗೂ ಆ ಸದ್ದು ಗೊತ್ತು. ಮೊರದಲ್ಲಿ ಯಾರೋ ಅಕ್ಕಿ ಕೇರುತ್ತಿದ್ದರು.

ವಿದ್ಯಾ ಕತ್ತಲೆಯ ಕಡೆ ನೋಡುತ್ತಾ ಕೇಳಿದಳು, "ಅಮ್ಮ, ನೀ ಇಲ್ಲಿಗೆ ಬರೋದ ಯಾಕ ಬಿಟ್ಟಿ?"

ನಿನ್ನನ್ನು ಸಾಕುವುದರಲ್ಲಿ ಪುರುಸೊತ್ತು ಎಲ್ಲಿತ್ತು ಎಂದೆ. ಅವಳು ಕಾಲು ತೊಳೆದುಕೊಂಡು ಬರುತ್ತೇನೆಂದು ಎದ್ದು ನಲ್ಲಿಯ ಕಡೆ ಹೋದಳು. ನಲ್ಲಿ ಬಿಟ್ಟ ಸದ್ದು ಬಂತು, ನಿಲ್ಲಿಸಿದ ಸದ್ದೂ ಬಂತು. ಅವಳು ಮಾತ್ರ ಬರಲಿಲ್ಲ.

ಐದು ನಿಮಿಷ... ಹತ್ತು ನಿಮಿಷ... ಕರೆದೆ. ಉತ್ತರವಿಲ್ಲ. ಕೇರುವ ಸದ್ದೂ ನಿಂತಿತ್ತು.

ಮೊಬೈಲಿನ ಬೆಳಕು ಹಿಡಿದು ಹೊರಟೆ. ನಲ್ಲಿಯ ಹತ್ತಿರ ಅವಳ ಚಪ್ಪಲಿ ಮಾತ್ರ ಇದ್ದವು. ಒದ್ದೆ ಹೆಜ್ಜೆಗಳು ಕೋಣೆಯ ಕಡೆ ಬರದೆ ಹಿಂದಕ್ಕೆ ಹೋಗಿದ್ದವು, ಹಳೆಯ ಅಡಿಗೆಮನೆಯ ಕಡೆಗೆ. ಹತ್ತಿರವಾದಂತೆ ಪಾಚಿಯ ವಾಸನೆ ಹೋಗಿ ಬೇರೆ ವಾಸನೆ ಬಂತು. ಕಟ್ಟಿಗೆಯ ಹೊಗೆ, ಹಸಿ ಅರಿಷಿಣ. ಅದು ಲಚ್ಚಮ್ಮನ ಕೈಯ ವಾಸನೆ.

ಆ ಅಡಿಗೆಮನೆಯನ್ನು ಈಗ ಉಗ್ರಾಣ ಮಾಡಿದ್ದರು. ಮುರಿದ ಕುರ್ಚಿಗಳು, ಹರಿದ ಲೈಫ್ ಜಾಕೆಟ್ಟುಗಳು. ಅವುಗಳ ನಡುವೆ, ಸ್ವಚ್ಛವಾಗಿ ಗುಡಿಸಿದ ಒಂದಿಷ್ಟು ನೆಲದ ಮೇಲೆ, ವಿದ್ಯಾ ಮಣೆ ಹಾಕಿಕೊಂಡು ಕೂತಿದ್ದಳು. ಪೂರ್ವಕ್ಕೆ ಮುಖ. ದುಪಟ್ಟಾವನ್ನು ಮಡಿಲಲ್ಲಿ ಹರವಿ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಹೀಗೆ ಕೂರಬೇಕೆಂದು ಹೇಳಿಕೊಟ್ಟವರು ಯಾರು?

"ವಿದ್ಯಾ... ಇಲ್ಲೇನ್ ಮಾಡಾಕತ್ತಿ? ಏಳ."

ಅವಳು ನನ್ನ ಕಡೆ ನೋಡಲಿಲ್ಲ. ಎದುರಿಗೆ ಯಾರೋ ಇದ್ದ ಹಾಗೆ ಸಣ್ಣಗೆ ನಗುತ್ತಿದ್ದಳು.

ಆಗ ದುಪಟ್ಟಾ ಜಗ್ಗಿತು.

ಸರ್ ಎಂದು ಅಕ್ಕಿ ಬಿದ್ದ ಸದ್ದು. ಬಟ್ಟೆ ಭಾರಕ್ಕೆ ಕೆಳಗಿಳಿಯಿತು. ಹಾಕಿದ ಕೈ ಕಾಣಲಿಲ್ಲ. ಒಂದು ಹಿಡಿ... ನಾನು ಉಸಿರು ಬಿಟ್ಟಿರಲಿಲ್ಲ, ಎರಡನೆಯದು. ಮೊಬೈಲಿನ ಬೆಳಕಿನಲ್ಲಿ ಅಕ್ಕಿ ಹಳದಿಯಾಗಿ ಕಂಡಿತು. ಮೂರನೆಯದೂ ಬಿತ್ತು, ಹೆದರಿಕೆಯಲ್ಲೂ ಎಣಿಸಿದೆ. ಐದು ತುಂಬಿದರೆ ಮಗಳು ಅವಳವಳಾಗುತ್ತಾಳೆ ಎಂಬುದು ಮಾತ್ರ ನನ್ನ ತಲೆಯಲ್ಲಿ ಸ್ಪಷ್ಟವಾಗಿತ್ತು.

ಹೆದರಿಕೆಗಿಂತ ನನಗೆ ಸಿಟ್ಟೇ ಹೆಚ್ಚು ಬಂತು. ಅಲ್ಲಿಯೇ ನಿಂತು ಜಗಳ ತೆಗೆದೆ. ತೆಲುಗಿನಲ್ಲಿ, ಬಾಯಿಗೆ ಬಂದ ಹಾಗೆ. ಇವಳನ್ನು ಹೆತ್ತವಳು ನಾನು, ಜ್ವರ ಬಂದಾಗ ರಾತ್ರಿಯಿಡೀ ಎತ್ತಿಕೊಂಡು ತಿರುಗಿದವಳು ನಾನು, ಮಕ್ಕಳಿಲ್ಲದಿದ್ದರೆ ಅದು ನಿನ್ನ ಹಣೆಬರಹ, ಕಂಡವರ ಮಕ್ಕಳ ಮೇಲೆ ಕಣ್ಣು ಹಾಕುತ್ತೀಯಾ ಎಂದೆ. ಒಂದು ಕಾಲಕ್ಕೆ ಅವಳು ಕೈಯಾರೆ ಬಡಿಸಿದ್ದನ್ನು ಉಂಡ ಬಾಯಿ ಅದು.

ಅಕ್ಕಿ ಬೀಳುವುದು ನಿಂತಿತು.

ಒಲೆಯಿದ್ದ ಮೂಲೆಯಿಂದ ಒಂದು ದನಿ ಬಂತು. ಸಿಟ್ಟಿನ ದನಿಯಲ್ಲ. ಸಂಜೆ ಶಾಲೆಯಿಂದ ಬಂದ ಮಗುವನ್ನು ಡಬ್ಬಿ ಖಾಲಿ ಮಾಡಿದೆಯಾ ಎಂದು ಕೇಳುವಂಥ ದನಿ.

"ನಾ ಬಿಯ್ಯಂ ಏಂ ಜೇಸಿನವ್, ಬಿಡ್ಡಾ?"

ನನ್ನ ಅಕ್ಕಿಯನ್ನು ಏನು ಮಾಡಿದೆ, ಮಗಳೇ...

ತಪ್ಪಾಯಿತು ಎಂದು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತೋ. ನನಗೆ ಅದು ಬರಲಿಲ್ಲ. ಬೇಯಿಸಿದೆ, ಎಲ್ಲರಿಗೂ ಬಡಿಸಿದೆ, ನಾನೂ ಉಂಡೆ ಎಂದೆ. ಕಣ್ಣಾರೆ ಕಂಡವಳ ಎದುರಿಗೇ ಸುಳ್ಳು ಹೇಳಿದೆ.

ಆಮೇಲೆ ಸರ್ ಎಂದು ನಾಲ್ಕನೆಯ ಹಿಡಿ ಬಿತ್ತು.

ನಾನು ನುಗ್ಗಿ ವಿದ್ಯಾಳ ರಟ್ಟೆ ಹಿಡಿದು ಎಳೆದೆ. ಅವಳು ಬಂಡೆಯ ಹಾಗೆ ಗಟ್ಟಿಯಾಗಿ ಕೂತಿದ್ದಳು. ಎರಡೂ ಕೈ ಹಾಕಿ ಜಗ್ಗಿದೆ. ದುಪಟ್ಟಾ ಕೈಜಾರಿ ಅಕ್ಕಿಯೆಲ್ಲ ನೆಲದ ಮೇಲೆ ಚೆಲ್ಲಿತು. ಆಗ ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಇಪ್ಪತ್ನಾಲ್ಕು ವರ್ಷದಲ್ಲಿ ನನ್ನ ಮಗಳು ನನ್ನನ್ನು ಹಾಗೆ ನೋಡಿರಲಿಲ್ಲ. ತಿರಸ್ಕಾರ ಎನ್ನುತ್ತಾರಲ್ಲ, ಅದು.

"ನನ್ನ ಉಡಿ ಚೆಲ್ಲಿದಿ," ಎಂದಳು ಮೆಲ್ಲಗೆ. "ಇನ್ನೊಂದ ಹಿಡಿ ಇತ್ತು."

ದೋಣಿಯ ಸದ್ದು ಕೇಳಿಸಿದ್ದು ಆಗ. ಮಲ್ಲೇಶ್ ಬ್ಯಾಟರಿ ಹಿಡಿದು ನಮ್ಮನ್ನು ಹುಡುಕಿಕೊಂಡು ಬಂದ. ಬಾಗಿಲಲ್ಲಿ ನಿಂತು ನೆಲದ ಮೇಲೆ ಬೆಳಕು ಬಿಟ್ಟ. ಅಕ್ಕಿ ಅಲ್ಲೇ ಇತ್ತು, ಹಳದಿ ಅಕ್ಕಿ, ನಾನು ಕನಸು ಕಂಡಿರಲಿಲ್ಲ. ಅವನು ಚಪ್ಪಲಿ ಬಿಟ್ಟು ಹೊರಗೇ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಈ ನಡುಗಡ್ಡೆಯಲ್ಲಿ ಎರಡು ತಿಂಗಳಿಂದ ಒಲೆಯನ್ನೇ ಹಚ್ಚಿಲ್ಲ, ಒಂದು ಕಾಳು ಅಕ್ಕಿಯೂ ಇಲ್ಲ ಎಂದು ಆಮೇಲೆ ದೋಣಿಯಲ್ಲಿ ಹೇಳಿದ.

ಊಟದ ಡಬ್ಬಿ ಬಿಚ್ಚಲೂ ಇಲ್ಲ, ಹಾಗೆಯೇ ಹೊರಟುಬಿಟ್ಟೆವು. ನಾನು ದಂಡೆಯ ಕಡೆ ಮುಖ ಮಾಡಿ ಕೂತೆ. ವಿದ್ಯಾ ನಡುಗಡ್ಡೆಯ ಕಡೆ ಮುಖ ಮಾಡಿ ಕೂತಳು. ಈ ಕಡೆ ತಿರುಗು ಎಂದು ಎರಡು ಸಲ ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ಕತ್ತಲೆಯಲ್ಲಿ ಅವಳು ಯಾರಿಗೋ ಕೈ ಬೀಸಿದಳು.

ಮನೆಯಲ್ಲಿ ಯಜಮಾನರಿಗೆ ಎಲ್ಲ ಹೇಳಿದೆ. ಮಗಳನ್ನು ಕಳಿಸುವ ಸಂಕಟಕ್ಕೆ ನಿನಗೆ ತಲೆ ಕೆಟ್ಟಿದೆ ಎಂದರು. ವಿದ್ಯಾಳನ್ನು ಕೇಳಿದರೆ, ಅಲ್ಲಿ ಏನೂ ಆಗಲಿಲ್ಲ, ಕರೆಂಟು ಹೋಗಿತ್ತು ಅಷ್ಟೇ ಎಂದಳು. ವಾರವಿಡೀ ಉಂಡಳು, ನಕ್ಕಳು, ಸೀರೆ ಮಡಚಿ ಟ್ರಂಕು ತುಂಬಿದಳು. ನನ್ನ ಜೊತೆ ಮಾತ್ರ ಬೇಕಾದಷ್ಟೇ ಮಾತು.

ಹೊರಡುವ ದಿನ ನಮ್ಮ ಪದ್ಧತಿಯಂತೆ ಉಡಿ ತುಂಬಲು ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಿಡಿದು ನಿಂತೆ. ಸೆರಗು ಒಡ್ಡು ಎಂದೆ. ಅವಳು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಬ್ಯಾಡ. ಚೆಲ್ಲೋ ಕೈಲೆ ತುಂಬಬ್ಯಾಡ."

ಅಳಿಯ ಪಕ್ಕದಲ್ಲೇ ಇದ್ದ. ಚೇಷ್ಟೆ ಎಂದುಕೊಂಡು ನಕ್ಕ. ನಾನೂ ನಕ್ಕಂತೆ ಮಾಡಿ ತಟ್ಟೆಯನ್ನು ಒಳಗಿಟ್ಟೆ.

ಈಗ ವಿದ್ಯಾಳಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ, ತವರಿನಲ್ಲೇ ಆಗಬೇಕು. ಕರಕೊಂಡು ಬರುತ್ತೇನೆಂದು ಎಷ್ಟು ಸಲ ಹೇಳಿದರೂ ಇವತ್ತು ನಾಳೆ ಎಂದು ಮುಂದೂಡುತ್ತಲೇ ಇದ್ದಳು. ಕಳೆದ ವಾರ ಅಳಿಯನಿಗೆ ಫೋನು ಮಾಡಿದೆ. ಅವಳು ಆರಾಮಾಗಿದ್ದಾಳೆ, ಯೋಚನೆ ಬೇಡ ಎಂದ. ಆಮೇಲೆ, "ಅತ್ತಿ, ನೀವ ಈಗೀಗ ಬಂದು ಹೋಗೀರೇನು?" ಎಂದು ಕೇಳಿದ. ಇಲ್ಲವಲ್ಲ, ಯಾಕೆ ಎಂದೆ. ತಾನು ಡ್ಯೂಟಿ ಮುಗಿಸಿ ಬರುವಾಗ ಮನೆಯೊಳಗೆ ಇಬ್ಬರು ಹೆಂಗಸರು ಮಾತಾಡುವುದು ಕೇಳುತ್ತದೆ, ಬಾಗಿಲು ತೆಗೆದರೆ ಇವಳೊಬ್ಬಳೇ ಇರುತ್ತಾಳೆ, ಪಕ್ಕದ ಮನೆಯ ಟಿವಿ ಇರಬೇಕು ಎಂದ. ಅವರ ಮನೆಗೆ ಟಿವಿಯನ್ನು ನಾವೇ ಕೊಡಿಸಬೇಕಿತ್ತು. ಇನ್ನೂ ಕೊಡಿಸಿಲ್ಲ.

ಇವತ್ತು ಸಂಜೆ ಮತ್ತೆ ಫೋನು ಮಾಡಿದೆ. ವಿದ್ಯಾಳೇ ಎತ್ತಿದಳು. ನೀನು ಹೂಂ ಅನ್ನು, ಅನ್ನದಿರು, ನಾಳೆ ಬಂದು ಕರಕೊಂಡು ಬರುವವಳೇ ಎಂದೆ.

"ನೀವ್ಯಾಕ ತ್ರಾಸ ತಗೋತೀರಿ," ಎಂದಳು. ಪರಿಚಯವಿಲ್ಲದವರ ಜೊತೆ ಮಾತಾಡುವಂತೆ, ಭಾಳ ಮರ್ಯಾದೆಯಿಂದ. "ಅಮ್ಮ ಬಂದಾಳ. ಬಾಣಂತನ ಆಕೀನ ಮಾಡ್ತಾಳ."

ಯಾವ ಅಮ್ಮ, ನಾನಲ್ಲವೇನೇ ನಿನ್ನ ಅಮ್ಮ ಎಂದೆ.

ಅವಳ ಹಿಂದೆ ಪಾತ್ರೆ ಸರಿಸಿದ ಸದ್ದು ಕೇಳಿಸಿತು. ಅಳಿಯನಿಗೆ ರಾತ್ರಿ ಪಾಳಿ ಎಂದು ನನಗೆ ಗೊತ್ತಿತ್ತು.

"ಒಲಿ ಮುಂದ ಕುಂತಾಳ. ಕರೀಲ್ಯಾ?"

ಕರೆ ಎನ್ನುವ ಧೈರ್ಯ ನನಗೆ ಬರಲಿಲ್ಲ. ಫೋನು ಇಟ್ಟುಬಿಟ್ಟೆ.

ಯಜಮಾನರು ಈಗಲೂ ನಂಬುವುದಿಲ್ಲ, ಆದರೆ ಈ ಸಲ ಮಾತಾಡದೆ ಚೀಲ ತುಂಬುತ್ತಿದ್ದಾರೆ. ಬೆಳಿಗ್ಗೆಯ ಗಾಡಿಗೆ ಸೊಲ್ಲಾಪುರಕ್ಕೆ ಹೊರಟಿದ್ದೇವೆ. ಹೋಗಿ ಬಾಗಿಲು ಬಡಿಯುತ್ತೇನೆ. ಯಾರು ತೆಗೆಯುತ್ತಾರೋ ನನಗೆ ಗೊತ್ತಿಲ್ಲ.